ಬೀರುವಿನೊಳಗೆ ಅಮ್ಮನ ದನಿ

ಹೊಟ್ಟೆ ಗೊರ್ ಅಂತು, ಮೈಕಿಗೂ ಕೇಳಿಸಿರುತ್ತೆ, ಹೊಟ್ಟೆಪಾಡಿಗೆ ಪುಸ್ತಕ ಓದಿ ರೆಕಾರ್ಡ್ ಮಾಡಲು ಕೂತರೆ ಹೊಟ್ಟೆಯೇ ಹಾಡುತ್ತೆ, ಸರಿ, ತಟ್ಟು ಒಂದು ಚಪ್ಪಾಳೆ — ತಪ್ಪಿದ ಕಡೆ ತಟ್ಟಿದರೆ ಕಂಪ್ಯೂಟರ್ ಪರದೆಯ ಮೇಲೆ ದನಿಯ ಗೆರೆ ಮೊಳೆಯ ಹಾಗೆ ಎದ್ದು ನಿಲ್ಲುತ್ತೆ, ಆಚೆ ಕೋಣೆಯಲ್ಲಿ ಕೂತು ತಪ್ಪು ಕತ್ತರಿಸುವ ಅಕ್ಕನಿಗೆ ಸುಲಭ, ತಪ್ಪಿಗೆಲ್ಲ ಚಪ್ಪಾಳೆ ಬೀಳುವ ಉದ್ಯೋಗ ಇನ್ನೆಲ್ಲಿದೆ — ಅಮ್ಮನ ಬೀರುವಿನೊಳಗೆ ತಲೆ ತೂರಿಸಿ ಕೂತಿದ್ದೇನೆ, ಸ್ಟುಡಿಯೋ ಇಲ್ಲದವರಿಗೆ ಬಟ್ಟೆಯೇ ಗೋಡೆ, ಅವಳ ಸ್ವೆಟರು ಕೆನ್ನೆಗೆ ತಾಗುತ್ತೆ, ಅವಳು ಹೋಗಿ ವರ್ಷವಾದರೂ ಯಾರೂ ತೆಗೆದಿಲ್ಲ, ಆಡಿದ ಮಾತನ್ನೆಲ್ಲ ನುಂಗುತ್ತವೆ ಈ ಬಟ್ಟೆಗಳು, ಒಂದನ್ನೂ ಹಿಂದಿರುಗಿಸವು. ಮೊದಲ ಆಡಿಯೋಬುಕ್, ಕಾದಂಬರಿಯಲ್ಲೊಬ್ಬಳು ಗಯ್ಯಾಳಿ ಮುದುಕಿ, ಅವಳಿಗೆ ಅಮ್ಮನ ದನಿ ಕೊಟ್ಟೆ, ಯಾಕೆ ಕೊಡಬಾರದು, ಚಿಕ್ಕಂದಿನಿಂದ ಅಣಕಿಸಿದ್ದು ಅದನ್ನೇ ತಾನೆ, ನೆಂಟರು ಬಂದಾಗಲೆಲ್ಲ ಮೂಗಿನಲ್ಲಿ ಎಳೆದು ಎಳೆದು, ಸಾಕು ನಿಲ್ಸೋ ಮಂಗ, ಹೊಟ್ಟೆ ಹುಣ್ಣಾಗುತ್ತೆ ಅಂತ ಅಮ್ಮನೇ ಬಿದ್ದು ಬಿದ್ದು ನಗುತ್ತಿದ್ದಳು, ಅವಳ ಅಸಲಿ ದನಿ ಎಲ್ಲೂ ಇಲ್ಲ, ರೆಕಾರ್ಡ್ ಮಾಡಲು ಫೋನು ಎತ್ತಿ ಹಿಡಿದರೆ ಸಾಕು ಬಾಯಿಗೆ ಬೀಗ ಹಾಕುವವಳು, ಇರುವುದು ನನ್ನ ಗಂಟಲಲ್ಲಿ ಮಾತ್ರ, ಸಂಜೆ ಪ್ರಕಾಶಕರಿಗೆ ಕಳಿಸಿಬಿಟ್ಟರೆ ಆಯಿತು, ಅಮ್ಮ ಉಳಿದಳು — ಅಕ್ಕ ಹೆಡ್‌ಫೋನ್ ಕಳಚಿ ಬಾಗಿಲಿಗೆ ಬಂದಿದ್ದಾಳೆ, ಲೋ, ಇದು ಅಮ್ಮ ಅಲ್ಲ ಕಣೋ, ಅಂದ್ರೇನೇ ಅಕ್ಕಾ? ನೆಂಟರ ಮುಂದೆ ನೀನು ಆಡಿಸ್ತಿದ್ದ ಅಮ್ಮ ಇದು, ಅವಳೆಲ್ಲಿ ಮೂಗಲ್ಲಿ ಮಾತಾಡ್ತಿದ್ಲು?

ಹೌದಾ, ಹಾಗಾದರೆ ಹೇಗೆ, ನೆನಪಿಸಿಕೋ, ಜ್ವರ ಬಂದಾಗ ಹಣೆ ಮುಟ್ಟಿ ಏನೋ ಅನ್ನುತ್ತಿದ್ದಳು, ತುಟಿ ಕಾಣುತ್ತೆ, ಬಾಯಿ ತೆರೆಯುತ್ತೆ, ಬರುವುದು ನನ್ನ ಮೂಗುದನಿ, ಆಸ್ಪತ್ರೆಯ ಮಂಚ, ನೀರು ಕೇಳುತ್ತಾಳೆ, ಬಾಯಿ ತೆರೆಯುತ್ತೆ, ಅಲ್ಲೂ ನಾನೇ, ಥೂ, ಅಣಕಿಸುತ್ತ ಅಣಕಿಸುತ್ತ ಅಸಲನ್ನೇ ತಿಂದು ತೇಗಿದೆನೇ, ಅಕ್ಕ, ನೀನೇ ತೋರ್ಸೇ, ನಿನ್ನನ್ನ ಕರೀತಿದ್ಲಲ್ಲ, ಹಾಗೆ ಕರಿ, ಅಷ್ಟೂ ಗೊತ್ತಿಲ್ವೇನೋ ನಂಗೆ ಅಂತ ಅಕ್ಕ ಗಂಟಲು ಸರಿಮಾಡಿಕೊಂಡಳು, ಮಗಾ, ಬಾರೇ ಇಲ್ಲಿ — ಮೂಗಿನಲ್ಲಿ, ಎಳೆದು ಎಳೆದು, ನನ್ನದೇ ಅಣಕು, ಉಸಿರು ಸಹಿತ ನನ್ನದೇ, ಅವಳಿಗೂ ಕೇಳಿಸಿತು, ಇರು, ಅಲ್ಲ, ಇನ್ನೊಂದ್ಸಲ, ಬಾಯಿ ತೆರೆದಳು, ತೆರೆದೇ ನಿಂತಳು, ಆಸ್ಪತ್ರೆಯ ಮಂಚದ ಮೇಲೆ ಅಮ್ಮನದು, ಬಾಗಿಲಲ್ಲಿ ಅಕ್ಕನದು, ದನಿಯಿಲ್ಲ, ತೆರೆದ ಬಾಯಿ, ತೆರೆದ ಬಾಯಿ —