ಸೊಪ್ಪಿನ ಅಡಿಯ ಪೊಟ್ಟಣ

ಈ ಹುಳು ಸತ್ತಿಲ್ಲ, ತಲೆ ಎತ್ತಿ ಆ ಕಡೆ ಈ ಕಡೆ ತೂಗುತ್ತಿದೆ, ಬಾಯಿಂದ ಹಸಿರು ನೀರು ಕಾರುತ್ತಿದೆ, ಛೀ, ಮುಟ್ಟಿದರೆ ತಣ್ಣಗೆ, ಮೆತ್ತಗೆ, ಕೊಳೆತ ಬಾಳೆಹಣ್ಣಿನ ಹಾಗೆ — ಮೌನಿಕಾ ಅದನ್ನು ಎರಡು ಬೆರಳಲ್ಲಿ ಎತ್ತಿ ಬಕೆಟ್ಟಿಗೆ ಹಾಕುತ್ತಾಳೆ, ಪಕ್ಕದ್ದನ್ನು ಎತ್ತುತ್ತಾಳೆ, ಅದರ ಪಕ್ಕದ್ದನ್ನೂ, ಕೆಳಗಿನ ಅಟ್ಟಣಿಗೆ ಪೂರ್ತಿ ಹೀಗೇ, ನಾಲ್ಕು ಸಲ ಪೊರೆ ಬಿಟ್ಟು ಬೆರಳುದ್ದ ಬೆಳೆದು ಇನ್ನೇನು ಈ ವಾರ ಗೂಡು ಕಟ್ಟಬೇಕಿದ್ದ ರೇಷ್ಮೆಹುಳು. ಮೇಲಿನ ಅಟ್ಟಣಿಗೆಗಳಲ್ಲಿ ಮಾತ್ರ ಏನೂ ಆಗಿಲ್ಲವೆಂಬಂತೆ ಮೇಯುತ್ತಿವೆ, ಚರ ಚರ ಚರ ಚರ, ಎಷ್ಟು ತಿನ್ನುತ್ತವಪ್ಪಾ ದರಿದ್ರದವು, ತಿನ್ನುವುದು ಹಿಕ್ಕೆ ಹಾಕುವುದು, ತಿನ್ನುವುದು ಹಿಕ್ಕೆ ಹಾಕುವುದು, ಬೇರೆ ಕಸುಬೇ ಇಲ್ಲ — ಹುಳುವನ್ನು ಯಾಕೆ ಬೈಯುತ್ತೀಯೇ ಮೌನಿಕಾ, ನಿನ್ನದೇನು ಬೇರೆ ಕಸುಬು. ಮೊಬೈಲಿನಲ್ಲಿ ಆ ವಿಡಿಯೋಗಳನ್ನು ನೋಡುತ್ತಾಳಲ್ಲ, ಯಾವುದೋ ದೇಶದ ಹೆಂಗಸು ಮೈಕಿನ ಮುಂದೆ ಕೂತು ಬಕಬಕ ನುಂಗುವುದು, ಇಯರ್‌ಫೋನ್ ಹಾಕಿಕೊಂಡು ಕೇಳುತ್ತಾಳಲ್ಲ, ಥೇಟ್ ಇದೇ ಸದ್ದು, ಇದನ್ನು ಕೇಳಿಯೇ ಬಾಯಲ್ಲಿ ನೀರೂರಿಸಿಕೊಂಡಿದ್ದು, ಥೂ. ಅಮ್ಮ ಆ ತುದಿಯಲ್ಲಿ ಬೆನ್ನು ಬಗ್ಗಿಸಿ ಆಯುತ್ತಿದ್ದಾಳೆ, ಅಪ್ಪ ಪುಡಿ ಔಷಧಿ ತರಲು ಶಿಡ್ಲಘಟ್ಟಕ್ಕೆ ಗಾಡಿ ಹತ್ತಿ ಹೋದವನು ಇವಳ ಮುಖ ಕೂಡ ನೋಡಲಿಲ್ಲ, ಕಪಾಳಕ್ಕೆ ಬಾರಿಸಿದ್ದರೆ ಎಷ್ಟೋ ವಾಸಿಯಿತ್ತು.

ನಿನ್ನೆ ಬೇಡವೆಂದೇ ಕಾಲೇಜಿನಿಂದ ಹೊರಟಿದ್ದಳು, ದೇವರಾಣೆಗೂ ಬೇಡವೆಂದೇ, ಆದರೆ ಚಿಂತಾಮಣಿ ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಆ ಗೋಬಿ ಗಾಡಿ ನಿಂತಿರುತ್ತದಲ್ಲ, ಬಾಣಲೆಯ ಎಣ್ಣೆ ಟಾರಿನ ಹಾಗೆ ಕಪ್ಪಗೆ, ಗಾಡಿಯವನು ಹಣೆಯ ಬೆವರು ಒರೆಸಿದ ಬಟ್ಟೆಯಲ್ಲೇ ತಟ್ಟೆಯನ್ನೂ ಒರೆಸಿದ, ಎಲ್ಲ ನೋಡಿದಳು, ನೋಡಿಯೂ ನಿಂತಳು. ಬಣ್ಣ ಹಾಕಬಾರದಂತೆ ಕಣೇ ಈಗ, ಕ್ಯಾನ್ಸರ್ ಬರುತ್ತಂತೆ ಅಂದವಳು ಜೊತೆಗಿದ್ದ ಲಾವಣ್ಯ, ಅಂದವಳು ನಾಲ್ಕು ತುಂಡು ತಿಂದು ಸಾಕಪ್ಪ ಅಂತ ತಟ್ಟೆ ಇಟ್ಟಳು, ಹೇಗೆ ಇಡುತ್ತಾರೆ, ತಟ್ಟೆಯಲ್ಲಿ ಇರುವಾಗಲೇ ಸಾಕು ಅನ್ನುವುದು ಹೇಗೆ ಬರುತ್ತದೆ ಕೆಲವರಿಗೆ, ಅವಳು ಬಿಟ್ಟದ್ದನ್ನೂ ಇವಳೇ ತಿಂದಳು, ಆಮೇಲೆ ಬಸ್ಸಿಗೆ ಅಂತ ಒಂದು ಪಾರ್ಸಲ್. ಬಸ್ಸಿನಲ್ಲಿ ಕವರಿನೊಳಗೆ ಕೈ ಇಳಿಬಿಟ್ಟುಕೊಂಡು ಕದ್ದು ಕದ್ದು, ಪಕ್ಕದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು ಕಿಟಕಿ ಕಡೆ ತಿರುಗಿದಳು, ಮೂರನೆಯ ತುಂಡಿಗೇ ರುಚಿ ಸತ್ತುಹೋಗಿತ್ತು, ಅದೇ ಅಲ್ಲವೇ ಹೇಸಿಗೆ, ರುಚಿ ಇರಲಿಲ್ಲ, ಹಸಿವೂ ಇರಲಿಲ್ಲ, ಕೈ ಮಾತ್ರ ಹೋಗುತ್ತಿತ್ತು, ಬರುತ್ತಿತ್ತು, ಬಂದ ಬೆರಳನ್ನು ಬಾಯಿ ನೆಕ್ಕುತ್ತಿತ್ತು, ಕೆಂಪು ಬೆರಳು, ಉಗುರಿನ ಸಂದಿಯವರೆಗೂ ಕೆಂಪು. ಕೈವಾರದ ಗುಡಿಯಲ್ಲಿ ಅಶ್ವತ್ಥಮ್ಮಜ್ಜಿ ಇವಳ ಎರಡು ಕೈಯನ್ನೂ ಹಿಡಿದು ದೇವರಿಗೆ ಮುಗಿಸಿ, ಪರೀಕ್ಷೆ ಮುಗಿಯೋ ತನಕ ಕಂಡೋರ ಗಾಡೀದು ತಿನ್ನಲ್ಲ ಅಂತ ಹೇಳಮ್ಮ ಅಂದಿದ್ದಳು, ಹೇಳಿದ್ದಳು, ಕಣ್ಣು ಮುಚ್ಚಿ ಭಕ್ತಿಯಿಂದಲೇ ಹೇಳಿದ್ದಳು, ಅಜ್ಜಿ ಚಪ್ಪಲಿ ಹುಡುಕುವಷ್ಟರಲ್ಲಿ ಒಂದು ಪೊಟ್ಟಣ ಚುರುಮುರಿ ಮುಗಿದಿತ್ತು. ನಾಯಿ ಬಾಲಕ್ಕೆ ದಬ್ಬೆ ಕಟ್ಟಿದ ಹಾಗೆ ಅಂತ ಅಜ್ಜಿ ನಕ್ಕಿದ್ದಳು ಆವತ್ತು. ಇವತ್ತು ನಗಲಿಲ್ಲ.

ಕೆಂಚಾರ್ಲಹಳ್ಳಿಯಲ್ಲಿ ಇಳಿದಾಗ ಪೊಟ್ಟಣದಲ್ಲಿ ಇನ್ನೂ ಇತ್ತು, ಹೊಟ್ಟೆ ಬಿರಿಯುತ್ತಿತ್ತು, ಹುಳಿತೇಗು ಗಂಟಲಿಗೆ ಬರುತ್ತಿತ್ತು, ಎಸೆಯಬಹುದಿತ್ತು, ಮೋರಿ ಅಲ್ಲೇ ಇತ್ತು, ಎಸೆಯಲಿಲ್ಲ. ಮನೆಗೂ ಒಯ್ಯುವ ಹಾಗಿಲ್ಲ, ಹುಳು ಮನೆಗೆ ಬಂದ ದಿನದಿಂದ ಗೂಡು ಮಾರ್ಕೆಟ್ಟಿಗೆ ಹೋಗುವ ತನಕ ಮನೆಯಲ್ಲಿ ಒಗ್ಗರಣೆ ಇಲ್ಲ, ಮೀನಿಲ್ಲ, ಊದುಬತ್ತಿ ಕೂಡ ಇಲ್ಲ, ಹುಳುವಿಗೆ ವಾಸನೆ ಆಗದು, ಅಪ್ಪನೇ ಬೀಡಿ ಸೇದಬೇಕಾದರೆ ತೋಟದ ಆಚೆಗೆ ಹೋಗಿ ಬಾಯಿ ಮುಕ್ಕಳಿಸಿ ಬರುತ್ತಾನೆ, ಅಷ್ಟು ದಿನವೂ ಮುದ್ದೆ, ಸಪ್ಪೆ ಸಾರು, ಮುದ್ದೆ, ಸಪ್ಪೆ ಸಾರು — ಅದಕ್ಕೇ ಅಲ್ಲವೇ ನಾಲಿಗೆ ಹೀಗೆ ಚಡಪಡಿಸುವುದು, ಇಲ್ಲ, ಸುಳ್ಳು, ಒಗ್ಗರಣೆ ಇದ್ದ ದಿನವೂ ತಿಂದಿದ್ದಾಳೆ, ಹಬ್ಬದೂಟ ಮಾಡಿಯೂ ತಿಂದಿದ್ದಾಳೆ. ಆಗ ಹೊಳೆದದ್ದು ಸೊಪ್ಪಿನ ಕೋಣೆ, ಹಿಪ್ಪುನೇರಳೆ ಸೊಪ್ಪಿನ ರಾಶಿ, ಮೇಲೆ ಒದ್ದೆ ಗೋಣಿ, ಒಳಗೆ ಫ್ರಿಜ್ಜಿನ ಹಾಗೆ ತಂಪು, ಹಸಿರು ಸೊಪ್ಪಿನ ವಾಸನೆಗೆ ಬೇರೆ ವಾಸನೆ ಏಳುವುದಿಲ್ಲ, ಬೆಳಿಗ್ಗೆ ಎದ್ದು ತಿಂದರಾಯಿತು, ಎಂಥ ಬುದ್ಧಿ, ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡ ಬುದ್ಧಿ, ರಾಶಿಯ ತಳಕ್ಕೆ ಕೈ ಹಾಕಿ ತುರುಕಿದಳು. ರಾಶಿಯೊಳಗಿನ ಕಾವಿಗೆ ಸೊಪ್ಪು ಬೇಯಬಾರದೆಂದು ಅಮ್ಮ ಮಲಗುವ ಮುಂಚೆ ರಾಶಿಯನ್ನು ಬುಡಮೇಲು ಮಾಡುತ್ತಾಳೆ, ಹುಟ್ಟಿದಾಗಿನಿಂದ ನೋಡಿದ್ದು, ಆ ಹೊತ್ತಿಗೆ ನೆನಪಾಗಬೇಕಲ್ಲ. ಕವರು ಒಡೆಯಿತು, ಎಣ್ಣೆ, ಖಾರ, ಬಣ್ಣ, ಸಾಸು, ಎಲ್ಲ ಸೊಪ್ಪಿಗೆ ಇಳಿಯಿತು, ಬೆಳಗಿನ ಜಾವದ ಮಬ್ಬಿನಲ್ಲಿ ಅಮ್ಮ ಅದನ್ನೇ ತಬ್ಬಿಕೊಂಡು ಬಂದು ಕೆಳಗಿನ ಅಟ್ಟಣಿಗೆಗೆ ಹಾಸಿದಳು.

ಇವಳು ಎದ್ದು ಬಂದಾಗ ಅಮ್ಮನ ಕೈಯಲ್ಲಿ ಪೊಟ್ಟಣ. ಯಾರದಮ್ಮಾ ಇದು ಅಂತ ಕೇಳಲಿಲ್ಲ, ಈ ಮನೆಯಲ್ಲಿ ಕೇಳುವ ಅಗತ್ಯವೇ ಇಲ್ಲ, ಅದು ಇನ್ನೊಂದು ನಾಚಿಕೆಗೇಡು. ಅಜ್ಜಿ ಮಾತ್ರ ಬಾಗಿಲಲ್ಲಿ ನಿಂತು ಇವಳನ್ನೇ ದಿಟ್ಟಿಸಿ, ಏಮಿ ನೋರೇ ಅದಿ, ಬಾಯೇನೇ ಅದು, ಕೆರೆ ತೂಬಾ ಅಂದಳು. ಅಮ್ಮ ಮೆತ್ತಗೆ, ಬೈಗುಳವೇ ಅಲ್ಲದ ಹಾಗೆ ಹೇಳಿದ್ದು ಒಂದೇ, ಪೊರೆ ಬಿಡೋ ಕಾಲ ಬಂದ್ರೆ ಹುಳ ಕೂಡ ಬಾಯಿ ಕಟ್ಟುತ್ತೆ ಕಣಮ್ಮ, ಸೊಪ್ಪಿನ ಮೇಲೇ ಮಲಗಿದ್ರೂ ಮುಟ್ಟಲ್ಲ, ಯಾರೂ ಹೇಳ್ಕೊಡಲ್ಲ ಅದಕ್ಕೆ. ಹದಿನಾರು ತುಂಬಿದ ಹುಡುಗಿಗೆ ಹುಳು ನೋಡಿ ಕಲಿ ಅನ್ನುವುದೆಂದರೆ, ಅದೂ ಸರಿಯಾಗಿಯೇ ಹೇಳಿದ್ದೆಂದರೆ, ಮೈಯೆಲ್ಲ ಉರಿಯಿತು. ಈಗ ಬಕೆಟ್ ತುಂಬಿದೆ, ಒಂದರ ಮೇಲೊಂದು ಹೊರಳುತ್ತಿವೆ, ಹಸಿರು ನೀರು ತಳದಲ್ಲಿ ನಿಂತಿದೆ, ಅಮ್ಮ ಪೊಟ್ಟಣವನ್ನು ತಂದು ಅದರ ಮೇಲಿಡುತ್ತಾಳೆ, ಇದನ್ನೂ ನೀನೇ ಎತ್ಕೊಂಡೋಗಿ ಹೂತ್‌ಬಿಟ್ಟು ಬಾ.

ತೋಟದ ಹಿಂದೆ ಗುಂಡಿ, ಪಕ್ಕದಲ್ಲಿ ಸುಣ್ಣದ ಚೀಲ, ಪೊಟ್ಟಣವನ್ನು ಪಕ್ಕಕ್ಕೆ ತೆಗೆದಿಟ್ಟು ಬಕೆಟ್ ಬಗ್ಗಿಸಿದಾಗ ಹುಳು ದೊಪ್ಪನೆ ಬಿದ್ದವು, ವಾಂತಿ ಬಂತು ಇವಳಿಗೂ, ಒಳ್ಳೆಯದೇ, ಬರಲಿ, ಬೆಳಗಿನಿಂದ ಅದೊಂದೇ ನಂಬಿಕೆ ಇವಳಿಗೆ, ಇಷ್ಟು ಹೇಸಿಗೆಯಾದ ಮೇಲೆ ಇನ್ನು ಆಸೆ ಸತ್ತಂತೆಯೇ, ಇನ್ನು ಆ ಗಾಡಿಯ ಮುಂದೆ ಮೂಗು ಮುಚ್ಚಿಕೊಂಡು ಹೋಗಬಹುದು, ಸುಲಭ, ಯಾರ ಮೇಲೂ ಆಣೆ ಬೇಡ. ಉಳಿದದ್ದು ಪೊಟ್ಟಣ. ಬಿಚ್ಚದೆ ಎಸೆಯಬೇಕಿತ್ತು, ಯಾಕೆ ಬಿಚ್ಚಿದಳೋ, ಕವರಿನ ಮೂಲೆಯಲ್ಲಿ ನಾಲ್ಕೈದು ತುಂಡು, ಸೊಪ್ಪಿನ ಚೂರು ಮೆತ್ತಿಕೊಂಡು, ಎಣ್ಣೆ ಬಿಳಿಯಾಗಿ ಹೆಪ್ಪುಗಟ್ಟಿಕೊಂಡು, ಬೆಳ್ಳುಳ್ಳಿಯ ವಾಸನೆ ಮೂಗಿಗೆ ಬಂದದ್ದೇ — ಬಾಯಲ್ಲಿ ನೀರು. ಥೂ, ಥೂ, ಇಲ್ಲಿಯೂ, ಗುಂಡಿಯ ಬಾಯಲ್ಲಿ ನಿಂತೂ, ಹುಳುಗಳು ಇನ್ನೂ ಮಿಸುಕುತ್ತಿರುವಾಗಲೂ, ನಾಲಿಗೆಯ ಅಡಿಯಿಂದ ಬುಗುಬುಗು ನೀರು, ಹಾಗಾದರೆ ಹೇಸಿಗೆಯಿಂದ ಇದು ಸಾಯುವುದಿಲ್ಲ, ಹೇಸಿಗೆ ಬೇರೆ ಆಸೆ ಬೇರೆ, ಒಂದೇ ಬಾಯಲ್ಲಿ ಎರಡೂ ಇರುತ್ತವೆ, ಯಾರೂ ಹೇಳಿರಲಿಲ್ಲ ಇದನ್ನು, ಎಷ್ಟು ಅಸಹ್ಯ, ಯಾರಿಗೂ ಗೊತ್ತಾಗುವುದಿಲ್ಲ, ಒಂದು ತುಂಡು, ಮೇಲಿನದು ಚೆನ್ನಾಗಿದೆ, ಬೆರಳು ಆಗಲೇ ಒಳಗಿದೆ, ಯಾವಾಗ ಹೋಯಿತು, ತುಂಡನ್ನು ಹಿಡಿದಿದೆ, ಬಿಡು, ಬಿಡೇ, ಬಿಡು — ಬಿಟ್ಟಿತು. ತುಂಡು ಗುಂಡಿಗೆ, ಕವರು ಗುಂಡಿಗೆ, ಸುಣ್ಣ, ಮಣ್ಣು, ಎಡಗೈಯಲ್ಲೇ ಎಳೆದಳು, ಎಲ್ಲ ಮುಚ್ಚಿತು. ಬೆರಳು ಮಾತ್ರ ಇಲ್ಲೇ ಇದೆ, ತುದಿಯಲ್ಲಿ ಕೆಂಪು ಸಾಸು, ಹುಳುಮನೆಯಿಂದ ಅಮ್ಮ ಕೂಗುತ್ತಿದ್ದಾಳೆ, ಮೌನಿಕಾ, ಆಯ್ತೇನಮ್ಮಾ, ಕೈ ತೊಳ್ಕೊಂಡು ಬಾ, ಹುಳಕ್ಕೆ ಸೊಪ್ಪು ಹಾಕ್ಬೇಕು — ಹುಳಕ್ಕೆ, ಇದೇ ಕೈಯಿಂದ, ಇಷ್ಟಾದ ಮೇಲೂ ಕರೆಯುತ್ತಾಳೆ, ಬಂದೆ ಅನ್ನಬೇಕು, ಅಂದರೆ ಬಾಯಿ ತೆರೆಯಬೇಕು, ತೆರೆದರೆ ಬೆರಳು ಒಳಗೆ, ತೆರೆಯುವುದಿಲ್ಲ, ನಲ್ಲಿ ತೋಟದ ಆ ತುದಿಯಲ್ಲಿದೆ, ಅಲ್ಲಿಯವರೆಗೆ ಕೈ ಮೈಗೆ ತಾಗದಂತೆ ಚಾಚಿಕೊಂಡೇ ನಡೆಯಬೇಕು, ಹಲ್ಲು ಕಚ್ಚಿದೆ, ಬಾಯ ತುಂಬ ನೀರು, ನಡಿ, ನಡಿ, ಬೆರಳು, ಕೆಂಪು ಬೆರಳು, ನೆಕ್ಕದ ಬೆರಳು —