ಬಚ್ಚಲಲ್ಲಿ ನಿಂತ ನೀರು

ಮೇಸ್ತ್ರಿಯ ಹೆಬ್ಬೆರಳು ಗೋಡೆಯೊಳಕ್ಕೆ ಇಳಿದೇಹೋಯಿತು, ಗೋಡೆಯೋ ನೆನೆದ ಬ್ರೆಡ್ಡೋ, ಬಣ್ಣದ ಹಕ್ಕಳೆಯೊಂದು ಕಳಚಿ ಬಿದ್ದು ಹಿಂದಿನ ಕರಿ ಬೂಷ್ಟು ಕಾಣಿಸಿತು, ಆ ಬೆರಳನ್ನೇ ಅವನು ಮೂಗಿಗೆ ಹಿಡಿದು ಮೂಸಿದ, ಮೂಸಿ ಪ್ಯಾಂಟಿಗೆ ಒರೆಸಿಕೊಂಡ, ಥೂ, ಇನ್ನು ಸ್ವಲ್ಪ ಹೊತ್ತಿಗೆ ಅದೇ ಕೈಯಲ್ಲಿ ಕಾಫಿ ಲೋಟ ಹಿಡಿಯುತ್ತಾನೆ, ಆ ಲೋಟವನ್ನು ಕುದಿಯುವ ನೀರಿನಲ್ಲಿ ಅದ್ದಬೇಕು, ಅದ್ದಿದರೂ ಅದು ಇನ್ನು ತನಗೆ ಬೇಡ — ಬಚ್ಚಲ ಬಾಗಿಲಲ್ಲಿ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ನಿಂತಿದ್ದ ಚಿಕ್ಕತ್ತೆಗೆ ಹೊಟ್ಟೆ ತೊಳಸಿ ಬಂತು. ಗೋಡೆ ಚೆನ್ನಾಗಿ ನೀರು ಕುಡಿದಿದೆ ಅಮ್ಮಾ, ಅಂದ ಮೇಸ್ತ್ರಿ, ಬಾಯಲ್ಲೇನೋ ಜಗಿಯುತ್ತ, ಬಂದಾಗಿನಿಂದ ಅದೇ ತುತ್ತು, ನುಂಗುವುದೂ ಇಲ್ಲ ಉಗಿಯುವುದೂ ಇಲ್ಲ. ಅದಕ್ಕೇ ಅತ್ತೆ ನಾನು ಹೇಳ್ತಿರೋದು, ಇದು ಅಣ್ಣನ ಮಗ, ಅಳತೆ ಟೇಪನ್ನು ಸರ್ರನೆ ಎಳೆದು ಸರ್ರನೆ ಬಿಡುತ್ತ, ಈ ಗೋಡೆ ತೆಗೆದುಬಿಟ್ರೆ ದೊಡ್ಡತ್ತೆ ರೂಮು ಈ ಕಡೆ ಸೇರಿಕೊಳ್ಳುತ್ತೆ, ದೊಡ್ಡ ಬಾತ್‌ರೂಮಾಗುತ್ತೆ, ಕಿಟಕಿ, ಗಾಳಿ, ಬೆಳಕು, ನಾವಿಬ್ಬರೂ ಬಂದು ನಿಮ್ಮ ಜೊತೆಗೇ ಇರಬಹುದು. ಅವನ ಹೆಂಡತಿ ಮೊಬೈಲನ್ನು ಮುಖದ ಮುಂದೆ ಹಿಡಿದಳು, ಈ ಟೈಲ್ಸ್ ನೋಡಿ ಚಿಕ್ಕತ್ತೆ, ಕ್ರೀಮ್ ಕಲರ್, ಎಷ್ಟು ಚೆನ್ನಾಗಿದೆ — ಕ್ರೀಮಂತೆ ಕ್ರೀಮು, ಹಲ್ಲಿಯ ಹೊಟ್ಟೆಯ ಬಣ್ಣ ಅದು, ದಿನಾ ಬೆಳಗ್ಗೆ ಎದ್ದು ಹಲ್ಲಿಯ ಹೊಟ್ಟೆಯೊಳಗೆ ನಿಂತು ಸ್ನಾನ ಮಾಡಬೇಕು, ಆದರೂ ಹೂಂ ಚೆನ್ನಾಗಿದೆ ಅಂದಳು, ಎಲ್ಲದಕ್ಕೂ ಹೂಂ ಅನ್ನುವುದೇ ಈಗ ಅಭ್ಯಾಸವಾಗಿಹೋಗಿದೆ. ಎಪ್ಪತ್ತು ದಾಟಿಯೂ ಚಿಕ್ಕತ್ತೆ, ದೊಡ್ಡವಳೊಬ್ಬಳಿದ್ದಳು ಅದಕ್ಕೆ ಚಿಕ್ಕತ್ತೆ, ಈಗ ದೊಡ್ಡವಳು ಹೋದಳು, ಇನ್ನು ತಾನು ಯಾರಿಗಿಂತ ಚಿಕ್ಕವಳು, ಕೇಳೋಣವೆಂದರೆ ಕೇಳಬೇಕಾದವಳೇ ಇಲ್ಲ.

ಒಡೆಸಬೇಕು, ಅದರಲ್ಲಿ ಎರಡು ಮಾತಿಲ್ಲ, ಅಕ್ಕನೇ ಹೇಳಿಹೋಗಿದ್ದಾಳೆ, ಹಾಸಿಗೆ ಹಿಡಿದ ಮೇಲೂ ಅದೇ ಜಪ, ಈ ಬಚ್ಚಲು ಒಡೆಸಿಬಿಡೇ, ಪೈಪು ಕೊಳೆತುಹೋಗಿದೆ, ರಿಪೇರಿಗಿಪೇರಿ ಅಂತ ಕೂರಬೇಡ, ಬುಡಸಮೇತ ಕೀಳಿಸಿ ಆಚೆಗೆ ಹಾಕಿಸು, ಮತ್ತೆ ಕೊನೆಯ ವಾರದಲ್ಲಿ ಕೈ ಹಿಡಿದು, ಆಣೆ ಇಡು, ಒಡೆಸ್ತೀನಿ ಅಂತ ಆಣೆ ಇಡು, ಬೇರೆಯವರು ಸಾಯುವಾಗ ಮಕ್ಕಳ ಹೆಸರು ಹೇಳುತ್ತಾರೆ, ದೇವರ ಹೆಸರು ಹೇಳುತ್ತಾರೆ, ಇವಳು ಬಚ್ಚಲು ಅಂದಳು. ಸರಿ, ಆಣೆ ಇಟ್ಟದ್ದಾಯಿತು. ಗೋಡೆಯ ಆಚೆ ಅವಳ ಕೋಣೆ, ಕಿಟಕಿಗೆ ಎದುರಾಗಿ ಹೊಲಿಗೆ ಮಿಷನ್ನು, ಗೋಡೆಗೆ ಒರಗಿ ಮಂಚ, ಆ ಮಂಚದ ಜಾಗದಲ್ಲಿ ಕಮೋಡು ಬರುತ್ತದಂತೆ, ಸರಿಯಾಗಿ ಅವಳ ತಲೆ ಇರುತ್ತಿದ್ದ ಕಡೆ, ಅಣ್ಣನ ಮಗ ಸೀಮೆಸುಣ್ಣದಲ್ಲಿ ಗೆರೆ ಎಳೆದು ತೋರಿಸಿದ, ಇಲ್ಲಿ ಬರುತ್ತೆ ಅತ್ತೆ, ನಗುನಗುತ್ತಲೇ ತೋರಿಸಿದ, ಥೂ ಥೂ, ಆದರೆ ಅವಳ ಆಸೆಯೇ ಅದಾದರೆ ಬೇಡ ಅನ್ನಲು ತಾನ್ಯಾರು. ಅಕ್ಕ ಕಾಯಿಲೆ ಬಿದ್ದ ವರ್ಷವಿಡೀ ನೀರು ನಿಲ್ಲುತ್ತಿತ್ತು ಈ ಬಚ್ಚಲಲ್ಲಿ, ಹಿಮ್ಮಡಿ ಮುಳುಗುವಷ್ಟು, ಬೂದು ಬಣ್ಣದ ನೀರು, ಸೋಪಿನ ನೊರೆ ಸತ್ತು ತೇಲುತ್ತಿತ್ತು, ತಾನು ಕೂಗಾಡುತ್ತಿದ್ದಳು, ಏನಕ್ಕಾ ಇದು, ಕೊಳಚೆಯಲ್ಲಿ ನಿಂತು ಸ್ನಾನ ಮಾಡಿ ದೇವರ ಮುಂದೆ ಹೇಗೆ ಕೂತ್ಕೊಳ್ಳಲಿ, ಯಾರನ್ನಾದ್ರೂ ಕರೆಸ್ತೀನಿ, ಅಕ್ಕ ಬೇಡ ಬೇಡ ಅನ್ನುವಳು, ಕರೆಸಿ ಏನು ಪ್ರಯೋಜನ, ಪೈಪೇ ಹೋಗಿದೆ ಮಾರಾಯ್ತಿ, ಒಂದೇ ಸಲ ಹೊಸದು ಮಾಡಿಸೋಣ, ಅಲ್ಲಿಯವರೆಗೂ ಒಂದು ಸ್ಟೂಲು ಹಾಕ್ಕೊಂಡು ಕೂತು ಮಾಡು, ಮೂಗುಮುರುಕಿ. ಮೂಗುಮುರುಕಿ — ಅಕ್ಕ ಇಟ್ಟ ಹೆಸರು ಅದು, ನಮ್ಮ ಮೂಗುಮುರುಕಿ ಸ್ವರ್ಗಕ್ಕೆ ಹೋದ್ರೂ ಬಾಗಿಲಲ್ಲೇ ನಿಂತು, ನೆಲ ಒರೆಸಿದ್ದೀರೇನ್ರಪ್ಪಾ ಅಂತ ಕೇಳ್ತಾಳೆ, ಎಂದು ಬಂದವರ ಮುಂದೆಲ್ಲ ಹೇಳಿ ನಗುವಳು, ನಗಲಿ, ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಜೀವಮಾನ ಕಳೆದವಳಿಗೆ ಗೊತ್ತು ಮನುಷ್ಯನ ಮೈಯಿಂದ ಏನೇನು ಹೊರಗೆ ಬರುತ್ತದೆ ಎಂದು, ರಾಶಿ ರಾಶಿ ಹಾಸಿಗೆ ಬಟ್ಟೆ, ರಕ್ತದ್ದು, ಕೀವಿನದು, ಅಲ್ಲಿಂದ ಮನೆಗೆ ಬಂದರೆ ನೆಲದ ಮೇಲೆ ಒಂದೇ ಒಂದು ಕೂದಲು ಕಂಡರೂ ತನಗೆ ಊಟ ಸೇರುತ್ತಿರಲಿಲ್ಲ, ತಟ್ಟೆ ತಳ್ಳಿ ಏಳುತ್ತಿದ್ದಳು, ಅಕ್ಕ ನೂಲಿನ ತುಂಡುಗಳ ಜೊತೆಗೆ ತನ್ನ ಕೂದಲನ್ನೂ ಹೆಕ್ಕಿ ಹೆಕ್ಕಿ ಕಾಗದದಲ್ಲಿ ಸುತ್ತಿ ಹಾಕುವಳು, ಅಷ್ಟುದ್ದ ಜಡೆ ಅಕ್ಕನದು, ಸೊಂಟದ ಕೆಳಗೆ, ಮುದುಕಿಯಾದರೂ ಬೆಳ್ಳಿಯ ಹಗ್ಗದ ಹಾಗೆ. ಆ ಜಡೆಯನ್ನು ಆಸ್ಪತ್ರೆಯವರು ಬೋಳಿಸಿಬಿಟ್ಟರು. ಅದೊಂದನ್ನು ಕ್ಷಮಿಸಲಾಗುತ್ತಿಲ್ಲ ದೇವರೇ, ಬೇರೆ ಎಲ್ಲ ನಿನ್ನ ಚಿತ್ತ, ಅದೊಂದು ಮಾತ್ರ ಅಲ್ಲ. ಔಷಧಿಗೆ ಕೂದಲು ಉದುರಬಹುದು ಅಂದಿದ್ದರು ಡಾಕ್ಟರು, ಉದುರಲಿಲ್ಲ, ಅಕ್ಕನೇ ಹೇಳಿದಳಲ್ಲ, ಒಂದೆಳೆ ಉದುರಿಲ್ಲ ನೋಡೇ, ಗಟ್ಟಿ ತಲೆ ನಂದು, ತಲೆಗೆ ಬಿಗಿಯಾಗಿ ಬಟ್ಟೆ ಸುತ್ತಿಕೊಂಡಿರುತ್ತಿದ್ದಳು, ಮಲಗುವಾಗಲೂ, ಶೀತ ಆಗುತ್ತೆ ಅಂತ, ಸ್ನಾನಕ್ಕೆ ಒಬ್ಬಳೇ ಹೋಗುವಳು, ಗೋಡೆ ಹಿಡಿದು ಹಿಡಿದು, ನಾನು ಬರ್ತೀನಿ ಅಂದರೆ ಚಿಲಕ ಹಾಕಿಕೊಳ್ಳುವಳು, ಹೋಗೇ, ನೀನು ಬಂದು ಮೂಗು ಮುರಿದರೆ ನನ್ನ ಸ್ನಾನವೇ ಕೆಡುತ್ತೆ. ಕೊನೆಗೆ ಆಸ್ಪತ್ರೆಯಲ್ಲಿ ಮುಖದ ಮೇಲಿನ ಬಟ್ಟೆ ಸರಿಸಿದರೆ ಬರೀ ಬುರುಡೆ, ನುಣ್ಣಗೆ, ಯಾರದೋ ತಲೆ ತಂದು ಅಕ್ಕನ ಮುಖಕ್ಕೆ ಅಂಟಿಸಿದ ಹಾಗೆ, ಯಾರೇ ಬೋಳಿಸು ಅಂದದ್ದು ನಿಂಗೆ ಎಂದು ನರ್ಸಿನ ಕೈ ಹಿಡಿದು ಜಗ್ಗಿದ್ದಳು, ನಾವು ಮುಟ್ಟಿಲ್ಲ ಅಜ್ಜಿ, ಬರುವಾಗಲೇ ಹೀಗಿತ್ತು, ಅಂದಿತು ಆ ಹುಡುಗಿ, ಸುಳ್ಳಿ, ಉಗುರಿಗೆ ಕೆಂಪು ಬಣ್ಣ ಬಳಿದುಕೊಂಡಿದ್ದ ಸುಳ್ಳಿ. ಅಂದಿನಿಂದ ದೇವರ ಮುಂದೆ ಕೂತರೆ ಮೊದಲ ಮಾತು ಬರುತ್ತದೆ, ಎರಡನೆಯದು ಬರುವುದಿಲ್ಲ, ನಡುವೆ ಆ ಕೆಂಪು ಉಗುರು ಬರುತ್ತದೆ, ನಾಲಿಗೆಯ ಮೇಲೆ ಕಹಿ ಊರುತ್ತದೆ, ಎದ್ದು ಹೋಗಿ ಬಾಯಿ ಮುಕ್ಕಳಿಸಬೇಕು.

ಅಮ್ಮಾ ಸ್ವಲ್ಪ ಹಿಂದೆ ಸರೀರಿ, ನೀರು ಎತ್ತ ಹೋಗುತ್ತೆ ನೋಡಬೇಕು, ಅಂದ ಮೇಸ್ತ್ರಿ. ಮೂಲೆಯಲ್ಲಿ ಕೂತು ಜಾಲರಿಯನ್ನು ಮೀಟಿ ಎಬ್ಬಿಸಿದ, ವಾಸನೆ ಎದ್ದು ಬಂತು, ವಾಸನೆಗೂ ಕೈಕಾಲಿರುತ್ತದೆಯೇನೋ, ಕರವಸ್ತ್ರವನ್ನು ಸರಿಸಿ ಮೂಗಿನೊಳಗೇ ಹತ್ತಿತು, ಪೈಪು ಒಡೆದಿರಬೇಕಲ್ವಾ, ಅಂದ ಅಣ್ಣನ ಮಗ, ನೋಡೋಣ ಸ್ವಾಮಿ, ಅಂದು ಮೇಸ್ತ್ರಿ ತುದಿ ಬಾಗಿಸಿದ ಕಂಬಿಯೊಂದನ್ನು ಇಳಿಸಿದ, ತಿರುವಿದ, ಎಳೆದ, ಏನೋ ಹಿಡಿದುಕೊಂಡಿದೆ, ಇನ್ನೂ ಎಳೆದ, ಮೊದಲು ಕಪ್ಪು ಲೋಳೆ ಬಂತು, ಆಮೇಲೆ ಉದ್ದವಾಗಿ, ನಿಧಾನವಾಗಿ, ಪ್ರಾಣಿಯ ಬಾಲದ ಹಾಗೆ, ಬರುತ್ತಲೇ ಇತ್ತು, ಮುಗಿಯಲೇ ಇಲ್ಲ. ಅಣ್ಣನ ಮಗನ ಹೆಂಡತಿ ಬಾಯಿ ಮುಚ್ಚಿಕೊಂಡು ಹೊರಗೆ ಓಡಿದಳು. ಛೀ, ಎಂಥದ್ರೀ ಅದು, ಇಲಿನಾ, ಅಂದ ಇವನು. ಮೇಸ್ತ್ರಿ ಕಂಬಿಯನ್ನು ಮೇಲೆತ್ತಿ ಹಿಡಿದು ನಕ್ಕ, ಇಲಿಯಲ್ಲ ಸ್ವಾಮಿ, ಕೂದಲು, ಯಾರದೋ ಪೂರ್ತಿ ತಲೆಯೇ ಇಲ್ಲಿದೆ. ಅಷ್ಟರಲ್ಲಿ ಬಚ್ಚಲು ಗೊಟಗೊಟ ಎಂದಿತು, ಮೂಲೆಯಲ್ಲಿ ನಿಂತಿದ್ದ ನೀರು ಒಂದು ಸುತ್ತು ಸುತ್ತಿ ಸರ್ರನೆ ಇಳಿದುಹೋಯಿತು, ನೆಲ ಕಾಣಿಸಿತು. ಪೈಪಿಗೇನೂ ಆಗಿಲ್ಲ ಅಮ್ಮಾ, ಗುಂಡುಕಲ್ಲಿನ ಹಾಗಿದೆ, ಇದು ಕಟ್ಟಿಕೊಂಡು ನೀರು ನಿಂತಿದೆ, ನಿಂತ ನೀರನ್ನ ಗೋಡೆ ಕುಡಿದಿದೆ, ಅಷ್ಟೇ ವಿಷಯ. ಕೂದಲು. ಲೋಳೆಯ ಕೆಳಗೆ ಅಲ್ಲಲ್ಲಿ ಬೆಳ್ಳಗೆ. ನಾವು ಮುಟ್ಟಿಲ್ಲ ಅಜ್ಜಿ, ಬರುವಾಗಲೇ ಹೀಗಿತ್ತು — ಇತ್ತು, ಬರುವಾಗಲೇ ಹೀಗಿತ್ತು, ಆ ಹುಡುಗಿ ನಿಜ ಹೇಳಿತ್ತು, ಸುಳ್ಳಿ ಅವಳಲ್ಲ, ಸುಳ್ಳಿ ನನ್ನಕ್ಕ, ಚಿಲಕ ಹಾಕಿಕೊಂಡು ಈ ಮೂಲೆಯಲ್ಲಿ ಕೂತು ಹಿಡಿಹಿಡಿಯಾಗಿ ಕೈಗೆ ಬಂದದ್ದನ್ನು, ಬಗ್ಗಲಾರದ ಮೈಯನ್ನು ಬಗ್ಗಿಸಿ, ಜಾಲರಿ ಎತ್ತಿ, ಬೆರಳಿನಿಂದ ಒಳಗೆ ತುರುಕಿ ತುರುಕಿ, ಹೊರಗೆ ತಾನು ಕೂಗುತ್ತಿದ್ದಾಳೆ, ಎಷ್ಟು ಹೊತ್ತಕ್ಕಾ, ಮತ್ತೆ ನೀರು ನಿಂತಿದೆಯಾ, ಥೂ ಎಂಥ ಗಲೀಜು, ಬಂದೆ ಬಂದೆ, ಪೈಪು ಹಳೇದಾಯ್ತು ಕಣೇ. ಕೂದಲು ಕಂಡು ತಂಗಿಯ ತಟ್ಟೆ ಹಾಗೇ ಉಳಿಯಬಾರದೆಂದು. ಒಡೆಸು, ಆಣೆ ಇಡು, ಬುಡಸಮೇತ ಕೀಳಿಸಿ ಆಚೆಗೆ ಹಾಕಿಸು — ಮಣ್ಣು ಗಾರೆಯ ಜೊತೆ ಇದೂ ಗುಟ್ಟಾಗಿ ಹೋಗಿಬಿಡಲಿ, ಮೂಗುಮುರುಕಿಯ ಕಣ್ಣಿಗೆ ಬೀಳದಿರಲಿ, ಸಾಯುವ ಹೊತ್ತಿಗೂ ಅದೇ ಚಿಂತೆ, ಹುಚ್ಚಿ, ಹುಚ್ಚಿ, ಎಂಥ ಹುಚ್ಚಿಯೇ ನೀನು.

ಪೈಪು ಸರಿಯಿದ್ರೂ ಪ್ಲ್ಯಾನ್ ಪ್ರಕಾರವೇ ಹೋಗೋಣ ಅತ್ತೆ, ಅಣ್ಣನ ಮಗ ಹೇಳುತ್ತಿದ್ದಾನೆ, ಹೇಗೂ ಆಣೆ ಇಟ್ಟಿದ್ದೀರಿ, ನಾಳೆ ಬೆಳಗ್ಗೆ ಗೋಡೆಗೆ ಏಟು ಹಾಕಲಿ ಬಿಡಿ. ಗೋಡೆಗೆ ಯಾರೂ ಕೈ ಹಚ್ಚಬೇಡಿ, ಅಂದಿತು ಒಂದು ದನಿ, ತನ್ನದೇ ದನಿ, ನಾಳೆ ಬರಬೇಡಿ ಮೇಸ್ತ್ರಿ, ನಾಳಿದ್ದೂ ಬೇಡ, ಆ ಕೋಣೆ ಹೇಗಿದೆಯೋ ಹಾಗೇ ಇರುತ್ತೆ. ಮತ್ತೆ ದೊಡ್ಡತ್ತೆ ಆಸೆ, ಅಂದ ಇವನು. ಅದು ಆಸೆಯಲ್ಲ ಕಣೋ, ಅನ್ನಲು ಹೋದಳು, ಏನೆಂದು ಹೇಳುವುದು ಇವನಿಗೆ. ಇದನ್ನ ಎಲ್ಲಿ ಬಿಸಾಕಲಿ ಅಮ್ಮಾ, ಮೇಸ್ತ್ರಿ ಕಂಬಿಯನ್ನು ಮುಂದಕ್ಕೆ ಚಾಚಿದ, ಅತ್ತೆ ನೀವು ಆ ಕಡೆ ಹೋಗಿ, ನಿಮಗೆ ಆಗಲ್ಲ ಇದೆಲ್ಲ, ಒಂದು ಕವರ್ ತರ್ತೀನಿ ತಡೀರಿ, ಇವನು ಓಡಿದ, ಆಗಲ್ಲ, ಹೌದು, ತನಗೆ ಇದೆಲ್ಲ ಆಗುವುದಿಲ್ಲ, ಈಗ ಹೊಟ್ಟೆ ತೊಳಸಬೇಕು, ಕಾದಳು, ತೊಳಸಲಿಲ್ಲ, ಕರವಸ್ತ್ರ ಎಲ್ಲಿ ಬಿತ್ತೋ ಗೊತ್ತಿಲ್ಲ, ವಾಸನೆ ಬರುತ್ತಿದೆ, ಬರಲಿ, ಕೈ ತಾನಾಗಿಯೇ ಮುಂದಕ್ಕೆ ಹೋಗುತ್ತಿದೆ, ಅಯ್ಯೋ ಮುಟ್ಟಬೇಡಿ ಅಮ್ಮಾ, ಬೆರಳಿಗೆ ತಣ್ಣಗೆ ಏನೋ ತಾಗಿತು, ತಣ್ಣಗೆ, ಭಾರವಾಗಿ, ಒದ್ದೆಯಾಗಿ, ಇಷ್ಟು ಭಾರವೇ ಅಕ್ಕಾ, ದೇವರೇ ಇದನ್ನು, ದೇವರೇ ಇದನ್ನು ಎಲ್ಲಿ — ಕಂಬಿಯ ತುದಿಯಲ್ಲಿ ಕೂದಲು, ಕೂದಲಿನಿಂದ ಒಂದು ಹನಿ, ಕೂದಲು, ಇನ್ನೊಂದು ಹನಿ, ಕೂದಲು.