ಯಾವ ಕಡೆಗೆ ಕಿತ್ತೆ?

ಮದುಮಗಳು ಕಿರುಚಿದ್ದಕ್ಕೆ ಹಿಂದಿನ ಅಡುಗೆಕೋಣೆಯಲ್ಲಿದ್ದ ಇನ್ಶಿರಾಹಳ ಕೈಯಿಂದ ಸೌಟು ಜಾರಿ ಬಿತ್ತು. ಹಲಾವಾ ಹಚ್ಚುವಾಗ ಹುಡುಗಿಯರು ಚೀರುವುದು ಹೊಸದೇನಲ್ಲ. ಸಕ್ಕರೆ ಪಾಕ ಮೆತ್ತಿ ಕಾಲಿನ ಕೂದಲು ಕೀಳಿಸಿಕೊಳ್ಳುವುದೆಂದರೆ ತಲೆಗೆ ಹೂವು ಮುಡಿಸಿಕೊಂಡಷ್ಟು ಸುಲಭವೇ? ಆದರೆ ಮೂವತ್ತೆಂಟು ವರ್ಷ ಶುಬ್ರಾ ಬಡಾವಣೆಯ ಹೆಂಗಸರ ಚೀರಾಟ ಕೇಳಿ ಪಳಗಿದ ಕಿವಿ ಅವಳದು. ಕೂದಲು ಬಂದ ಕೂಗು ಯಾವುದು, ಚರ್ಮ ಬಂದ ಕೂಗು ಯಾವುದು ಎಂದು ಅವಳಿಗೆ ಗೋಡೆಯಾಚೆಯಿಂದಲೇ ಗೊತ್ತಾಗುತ್ತಿತ್ತು. ಇದು ಚರ್ಮದ್ದೇ.

ಹೋಗಿ ನೋಡೋಣವೆಂದರೆ ಅವಳು ಮುಂದುಗಡೆ ಕಾಲಿಡುವಂತಿರಲಿಲ್ಲ. ಕೆಲಸಕ್ಕೆ ಸೇರಿದ ದಿನವೇ ಸಲೂನಿನ ಒಡತಿ ಶಹೀರಾ ನಗುನಗುತ್ತ ಹೇಳಿದ್ದಳು: "ಪಾಕ ನಿಮ್ದು, ಕೈ ನಮ್ ಹುಡುಗೀರ್ದು. ನೀವು ಮುಂದಕ್ಕೆ ಮಾತ್ರ ಬರ್ಬೇಡಿ ಚಿಕ್ಕಮ್ಮ. ಇದು ಪ್ರೊಫೆಷನಲ್ ಜಾಗ ನೋಡಿ."

ಪ್ರೊಫೆಷನಲ್ ಅಂತೆ! ಇನ್ಶಿರಾಹ್ ಬಲ್ಲಾನಾ. ಅವಳ ತಾಯಿಯೂ ಬಲ್ಲಾನಾ. ಮನೆಮನೆಗೆ ಹೋಗಿ, ಅವರದೇ ಒಲೆಯಲ್ಲಿ ಸಕ್ಕರೆ, ನಿಂಬೆರಸ, ನೀರು ಕುದಿಸಿ, ಮದುಮಗಳ ಮೈ ರೇಷ್ಮೆಯಷ್ಟು ನುಣುಪಾಗಿಸಿ, ಮನೆಮಂದಿಯ ಸಂಭ್ರಮದ ಉಲುಲು ಕೂಗು ಕೇಳಿಸಿಕೊಂಡು ಬರುವ ಕಸುಬು. ಎರಡು ವರ್ಷದ ಹಿಂದೆ ಮೊಣಕಾಲು ಕೈಕೊಟ್ಟಿತು. ಪರರ ಮನೆಯ ಐದೈದು ಮಹಡಿ ಹತ್ತಲಾಗದೆ ಅವಳು ಇಲ್ಲಿ ಸೇರಿದಳು. ಸಲೂನಿನ ಗಾಜಿನ ಮೇಲೆ ದೊಡ್ಡಕ್ಷರದಲ್ಲಿ ಬರೆಸಿತ್ತು: 'ಮನೆಯಲ್ಲಿ ಮಾಡಿಕೊಂಡು ಮೈ ಸುಟ್ಟುಕೊಳ್ಳಬೇಡಿ. ತಜ್ಞರ ಬಳಿ ಬನ್ನಿ.' ಆ ತಜ್ಞರ ಡಬ್ಬಿಯೊಳಗೆ ಇದ್ದದ್ದು ಯಾರ ಮನೆಯ ಪಾಕ ಎಂದು ಮಾತ್ರ ಎಲ್ಲೂ ಬರೆದಿರಲಿಲ್ಲ.

ಅರ್ಧ ತೆರೆದ ಬಾಗಿಲಿನಿಂದ ಮಾತು ಕೇಳಿಸಿತು. ಮದುಮಗಳ ತಾಯಿ ಸೋಹೇರ್ ರೇಗಾಡುತ್ತಿದ್ದಳು. "ನನ್ ಮಗಳ ಕಾಲು ನೋಡ್ರೀ! ರಕ್ತ ಜಿನುಗ್ತಾ ಇದೆ. ಗುರುವಾರ ಮದ್ವೆ!"

"ಮೇಡಂ, ನಮ್ ಹುಡುಗಿದೇನೂ ತಪ್ಪಿಲ್ಲ," ಎಂದಳು ಶಹೀರಾ. "ನಿವೀನ್ ಕೋರ್ಸ್ ಮಾಡಿದಾಳೆ, ಸರ್ಟಿಫಿಕೇಟ್ ಅಲ್ಲೇ ಗೋಡೆ ಮೇಲಿದೆ. ಇವತ್ತಿನ ಪಾಕಾನೇ ಸುಟ್ಟಿದೆ. ಹಿಂದೆ ಒಬ್ಳು ಮುದುಕಿ ಇದಾಳೆ, ಹಳೇ ಕಾಲದೋಳು. ಪಾಪ ಅಂತ ಇಟ್ಕೊಂಡಿದ್ದೆ. ಇವತ್ತೇ ಕಳಿಸಿಬಿಡ್ತೀನಿ."

ಇನ್ಶಿರಾಹಳ ಮೈಯೆಲ್ಲ ಉರಿದುಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಮುದುಕಿ ಅಂದದ್ದಕ್ಕಲ್ಲ, ಐವತ್ತೆಂಟಾಗಿದೆ, ಅನ್ನಲಿ. ಕೆಲಸದಿಂದ ತೆಗೆಯುತ್ತೇನೆ ಅಂದದ್ದಕ್ಕೂ ಅಲ್ಲ. ಪಾಕ ಸುಟ್ಟಿದೆಯಂತೆ! ಸಂಜೆಯೊಳಗೆ ಈ ಮಾತು ಓಣಿಯ ಬಾಲ್ಕನಿಯಿಂದ ಬಾಲ್ಕನಿಗೆ ಹಾರುತ್ತದೆ. ಇನ್ಶಿರಾಹ್ ಮದುಮಗಳ ಕಾಲು ಸುಟ್ಟಳಂತೆ ಅನ್ನುತ್ತಾರೆ. ಆಮೇಲೆ ಇಲ್ಲೂ ಇಲ್ಲ, ಎಲ್ಲೂ ಇಲ್ಲ. ಒಂದು ಹೆಣ್ಣೂ ಅವಳ ಮುಂದೆ ಕಾಲು ಚಾಚುವುದಿಲ್ಲ. ಇದ್ದದ್ದೊಂದು ಹೆಸರು, ಅದನ್ನೂ ಇವಳು ಒಂದೇ ಉಸಿರಿಗೆ ಉಡಾಯಿಸಿಬಿಟ್ಟಳಲ್ಲ!

ಅವಳು ಒಲೆ ಆರಿಸಿ, ಒದ್ದೆ ಕೈ ಒರೆಸಿಕೊಳ್ಳುತ್ತ ಸೀದಾ ಮುಂದುಗಡೆ ಬಂದಳು.

ಕಾಯುತ್ತಿದ್ದ ನಾಲ್ಕು ಹೆಂಗಸರು ಮೊಬೈಲಿನಿಂದ ತಲೆ ಎತ್ತಿದರು. ಪರದೆಯಾಚೆ ಮದುಮಗಳು ರಗ್ದಾ ಸಲೂನಿನ ಗೌನು ತೊಟ್ಟು ಮಂಚದ ಮೇಲೆ ಕೂತು ಮೂಗೊರೆಸಿಕೊಳ್ಳುತ್ತಿದ್ದಳು. ಅವಳ ಎಡಗಾಲಿನ ಮೇಲೆ ಕೆಂಪು ಬಾಸುಂಡೆ. ನಡುನಡುವೆ ತುಂಡಾದ ಕೂದಲು ಹಾಗೇ ನಿಂತಿತ್ತು.

"ಚಿಕ್ಕಮ್ಮ, ಒಳಗೆ ಹೋಗಿ," ಶಹೀರಾ ಹಲ್ಲು ಕಚ್ಚಿ ಹೇಳಿದಳು.

"ಹೋಗ್ತೀನಮ್ಮ. ಮೊದ್ಲು ನನ್ ಪಾಕ ಎಲ್ಲಿ ಸುಟ್ಟಿದೆ ತೋರ್ಸು."

"ಓ, ನೀನೇನಾ ಸುಟ್ಟೋಳು?" ಸೋಹೇರ್ ಸೊಂಟಕ್ಕೆ ಕೈಯಿಟ್ಟು ತಿರುಗಿದಳು.

ಇನ್ಶಿರಾಹ್ ಇವತ್ತಿನದೇ ಪಾಕದ, ಯಾರೂ ಮುಟ್ಟಿರದ ಡಬ್ಬಿಯೊಂದನ್ನು ತೆರೆದು, ಎರಡು ಚೂರು ಕಿತ್ತು, ಒಂದನ್ನು ತನ್ನ ಬಾಯಿಗೆ ಹಾಕಿಕೊಂಡಳು. ಇನ್ನೊಂದನ್ನು ಸೋಹೇರಳ ಮುಂದೆ ಹಿಡಿದಳು. "ತಿಂದ್ ನೋಡಿ. ಸುಟ್ಟಿದ್ರೆ ಕಹಿ ಹೊಡಿಯತ್ತೆ. ನಾಲಿಗೆ ಸುಳ್ಳು ಹೇಳಲ್ಲ, ಆಡ್ಸೋರು ಹೇಳಿಸ್ತಾರೆ ಅಷ್ಟೆ."

ಸೋಹೇರ್ ಅನುಮಾನಿಸುತ್ತಲೇ ಚೂರನ್ನು ಬಾಯಿಗಿಟ್ಟುಕೊಂಡಳು. ಒಂದು ಸಲ ಚೀಪಿದಳು, ಇನ್ನೊಂದು ಸಲ ಚೀಪಿದಳು. "ಸಿಹಿಯಾಗೇ ಇದೆಯಲ್ಲ!" ಅಂದಳು. ಕಾಯುತ್ತಿದ್ದವರಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಇನ್ಶಿರಾಹ್ ಗೋಡೆಗೆ ಅಂಟಿಕೊಂಡಂತೆ ನಿಂತಿದ್ದ ನಿವೀನಳ ಕಡೆ ತಿರುಗಿದಳು. "ಯಾವ ಕಡೆಗೆ ಕಿತ್ತೆ?"

"ಹೀಗೆ... ಕೆಳಗಿಂದ ಮೇಲಕ್ಕೆ." ಹುಡುಗಿ ಗಾಳಿಯಲ್ಲಿ ಕೈಯಾಡಿಸಿ ತೋರಿಸಿದಳು. "ಕೋರ್ಸ್‌ನಲ್ಲಿ ಹಾಗೇ ಹೇಳ್ಕೊಟ್ರು."

"ಅದು ಮೇಣಕ್ಕೆ ಕಣೇ! ಮೇಣಾನ ಕೂದ್ಲು ಬೆಳೆದ ಕಡೆಗೆ ಹಚ್ಚಿ ಎದುರಿಗೆ ಕೀಳ್ತಾರೆ. ಸಕ್ಕರೇನ ಎದುರಿಗೆ ಹಚ್ಚಿ ಬೆಳೆದ ಕಡೆಗೇ ಕೀಳ್ಬೇಕು. ಒಂದಕ್ಕೊಂದು ಉಲ್ಟಾ. ಎಂಟು ವರ್ಷದ ಮಗೂಗೂ ಗೊತ್ತು, ಅಮ್ಮನ ಪಕ್ಕ ಕೂತು ನೋಡಿದ್ರೆ. ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ! ನಿಮ್ ಕೈ ತಪ್ಪಿಗೆ ನನ್ ಪಾಕ ಸುಟ್ಟಿದೆಯಂತೆ!"

"ನಿಮ್ ಹತ್ರ ಒಂದು ಕಾಗ್ದ ಇದೆಯಾ ಚಿಕ್ಕಮ್ಮ?" ಶಹೀರಾಳ ದನಿ ಏರಿತು. "ಯಾರು ಕಲಿಸಿದ್ರು ನಿಮಗೆ?"

"ನಿಮ್ಮಮ್ಮನ್ನ ಕೇಳು. ಅವಳ ಮದ್ವೆಗೆ ಅವಳನ್ನ ತಯಾರು ಮಾಡಿದ್ದು ಯಾವ ಕಾಗ್ದ ಅಂತ ಹೋಗಿ ಕೇಳು!"

ಕಾಯುತ್ತಿದ್ದ ಹೆಂಗಸರು ಈಗ ಪರದೆ ಸರಿಸಿಕೊಂಡೇ ನೋಡುತ್ತಿದ್ದರು.

"ಅಮ್ಮ," ರಗ್ದಾ ಮೆಲ್ಲಗೆ ಅಂದಳು, "ಇನ್ನೊಂದು ಕಾಲು ಇವರೇ ಮಾಡ್ಲಿ."

ಇನ್ಶಿರಾಹ್ ಪಾಕದ ಉಂಡೆಯನ್ನು ಅಂಗೈಯಲ್ಲಿ ಹಿಸುಕಿ ಹಿಸುಕಿ ಚಿನ್ನದ ಬಣ್ಣ ಬಿಳಿಚುವವರೆಗೆ ನಾದಿದಳು. ಬಲಗಾಲಿನ ಮೇಲೆ ಕೆಳಗಿಂದ ಮೇಲಕ್ಕೆ ಹೆಬ್ಬೆರಳಿನಿಂದ ತೀಡಿ, ಚಟಕ್ಕನೆ ಕೆಳಮುಖವಾಗಿ ಕಿತ್ತಳು. ಮದುಮಗಳು ಕಣ್ಣು ಬಿಗಿಮುಚ್ಚಿದವಳು ಒಂದೊಂದಾಗಿ ತೆರೆದಳು. "ಆಯ್ತಾ?" ಅಂದಳು. ಕಾಲುಗಂಟೆಯಲ್ಲಿ ಕಾಲು ಮುಗಿಯಿತು. ಅಷ್ಟೂ ಹೊತ್ತು ಇನ್ಶಿರಾಹಳ ಕೋಪ ಒಂದಿಷ್ಟೂ ಇಳಿದಿರಲಿಲ್ಲ, ಆದರೆ ಬೆರಳಿಗೆ ಅದು ತಿಳಿಯಲಿಲ್ಲ. ಎಡಗಾಲಿಗೆ ತಣ್ಣನೆ ಮೊಸರು ಹಚ್ಚಿಸಿ, ಎರಡು ದಿನ ಯಾರೂ ಮುಟ್ಟಕೂಡದು ಎಂದು ಹೇಳಿದಳು.

ಸೋಹೇರ್ ಮಗಳ ಕಾಲಿನ ಮೇಲೆ ಕೈಯಾಡಿಸಿ ನೋಡುತ್ತಿದ್ದಳು. ಶಹೀರಾಳ ಮುಖ ಅಷ್ಟರಲ್ಲಿ ಅರಳಿತ್ತು.

"ನೋಡಿದ್ರಾ ಮೇಡಂ? ಇವರು ನಮ್ ಎಕ್ಸ್‌ಪರ್ಟ್!" ಆಮೇಲೆ ಇನ್ಶಿರಾಹಳ ತೋಳು ಹಿಡಿದು ಪಕ್ಕಕ್ಕೆ ಕರೆದು ಪಿಸುಗುಟ್ಟಿದಳು. "ನಾಳೆಯಿಂದ ಮುಂದುಗಡೆನೇ ಇರಿ. ಬಿಳಿ ಕೋಟು ಕೊಡಿಸ್ತೀನಿ. ಆದ್ರೆ ಇನ್ಶಿರಾಹ್ ಅನ್ನೋದು ಅಜ್ಜಿ ಕಾಲದ ಹೆಸರು. ಮೇಡಂ ಶೆರಿ ಅಂತ ಬರ್ಸೋಣ. ಬೈರೂತ್‌ನಲ್ಲಿ ಕಲ್ತು ಬಂದಿದಾರೆ ಅನ್ನೋಣ."

"ಬೈರೂತಾ?"

"ಯಾರು ಹೋಗಿ ನೋಡ್ತಾರೆ?"

ಇನ್ಶಿರಾಹ್ ತೋಳು ಬಿಡಿಸಿಕೊಂಡಳು. ಪಿಸುಗುಟ್ಟುವುದು ಅವಳಿಗೆ ಬಾರದು. "ಈಗ ತಾನೆ ಪಾಕ ಸುಟ್ಟ ಮುದುಕಿ, ಈಗ ನಿಮ್ಮ ಶೆರಿ! ಥೂ ನಿನ್ನ! ತಪ್ಪಾದಾಗ ನನ್ ತಲೆಗೆ ಕಟ್ತೀಯ, ಚೆನ್ನಾಗಾದಾಗ ಬೈರೂತ್‌ಗೆ ಕಟ್ತೀಯ. ಶುಬ್ರಾಕ್ಕೆ ಏನಾಗಿದೆ? ನಮ್ಮಮ್ಮಂಗೆ ಏನಾಗಿದೆ?" ಅವಳ ಕಣ್ಣು ತುಂಬಿತು, ಅದಕ್ಕೂ ಸಿಟ್ಟು ಬಂತು. "ನನ್ ಹೆಸ್ರು ಇನ್ಶಿರಾಹ್. ರೊಟ್ಟಿ ಅಂಗಡಿ ಮೇಲೆ ಮೂರನೇ ಮಹಡಿ. ಯಾರಿಗೆ ಬೇಕೋ ಬನ್ನಿ, ಬೇಡ್ವೋ ಬಿಡಿ."

ಏಪ್ರನ್ ಬಿಚ್ಚಿ ಕುರ್ಚಿಯ ಮೇಲೆ ಹಾಕಿ ಅವಳು ಹೊರಟುಬಿಟ್ಟಳು. ರಸ್ತೆಗಿಳಿದ ಮೇಲೆ ಮಾತ್ರ ಯೋಚನೆ ಹತ್ತಿತು. ಬರುವವರು ಯಾರು? ಬಲ್ಲಾನಾ ಮನೆಗೆ ಬರುವುದುಂಟು, ಬಲ್ಲಾನಾಳ ಮನೆಗೆ ಹೋಗುವುದುಂಟೇ?

"ಚಿಕ್ಕಮ್ಮ! ನಿಲ್ಲಿ!"

ಹಿಂತಿರುಗಿ ನೋಡಿದರೆ ರಗ್ದಾ. ಸಲೂನಿನ ಗೌನಿನ ಮೇಲೆ ತಾಯಿಯ ಕೋಟು ಸುತ್ತಿಕೊಂಡು, ಸಲೂನಿನದೇ ರಬ್ಬರ್ ಚಪ್ಪಲಿಯಲ್ಲಿ ಓಡಿ ಬರುತ್ತಿದ್ದಳು. ಹಿಂದೆ ಸೋಹೇರ್, ಮಗಳ ಬೂಟು, ಬಟ್ಟೆ, ಎರಡು ಬ್ಯಾಗು ಹೊತ್ತು, "ಮಾನ ಹೋಯ್ತಲ್ಲೇ! ಬೀದಿಲಿ ಹೀಗೆ ಬರೋದೇನೇ?" ಎಂದು ಬೈಯುತ್ತಲೇ ಬರುತ್ತಿದ್ದಳು.

"ನನ್ ಕೈ ಇನ್ನೂ ಬಾಕಿ ಇದೆ," ಎಂದಳು ರಗ್ದಾ, ಏದುಸಿರಿನಲ್ಲಿ.

"ಮೂರು ಮಹಡಿ ಹತ್ಬೇಕು. ನಾನು ನಿಧಾನ."

"ಆಗ್ಲಿ."

ರೊಟ್ಟಿ ಅಂಗಡಿಯ ಪಕ್ಕದ ಮೆಟ್ಟಿಲು ಕಿರಿದು. ಒಬ್ಬರ ಹಿಂದೊಬ್ಬರು ಹತ್ತಬೇಕು. ಇನ್ಶಿರಾಹ್ ಕಂಬಿ ಹಿಡಿದು ಒಂದೊಂದೇ ಕಾಲು ಎತ್ತಿಡುತ್ತಿದ್ದಳು. ಮೊದಲ ಮಹಡಿಯ ತಿರುವಿನಲ್ಲಿ ಮೊಣಕಾಲು ಒತ್ತಿಕೊಂಡು ನಿಂತಳು. ಒಂದು ಮೆಟ್ಟಿಲು ಕೆಳಗೆ ಮದುಮಗಳೂ ನಿಂತಳು, ಅವಳ ಕೆಳಗೆ ಅವಳ ತಾಯಿಯೂ. ಯಾರೂ ಅವಸರ ಮಾಡಲಿಲ್ಲ.